ದೆಹಲಿಗೆ ಹೋದ ಗೊಂಬೆ ಪೆಟ್ಟಿಗೆ

ಗುಂತಕಲ್ಲಿನಲ್ಲಿ ನಾವು ನಾಲ್ವರು ರೈಲು ಹತ್ತಿದ್ದು ಗುರುವಾರ ರಾತ್ರಿ. ತೊಗಲುಗೊಂಬೆ ಆಡಿಸುವ ಈರಣ್ಣ, ಅವರ ಹೆಂಡತಿ ಗಂಗವ್ವ, ಮದ್ದಳೆ ಬಾರಿಸುವ ಅವರ ಅಣ್ಣನ ಮಗ ಪಂಪಣ್ಣ, ಮತ್ತು ಪತ್ರಿಕೆಯ ಭಾನುವಾರದ ಪುರವಣಿಗೆ ಬರೆಯಲು ಅವರ ಜೊತೆ ಹೊರಟಿದ್ದ ನಾನು. ಸ್ಲೀಪರ್ ಟಿಕೆಟ್ ತಲೆಗೆ ಐನೂರು ಚಿಲ್ಲರೆ. ಸಾಮಾನೆಂದರೆ ಒಂದು ಮರದ ಪೆಟ್ಟಿಗೆ. ಅದರೊಳಗೆ ಅರವತ್ತು ಗೊಂಬೆಗಳು ಹಳೆ ಸೀರೆಗಳ ನಡುವೆ ಮಲಗಿದ್ದವು. ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಲು ಗಂಗವ್ವ ಬಿಡಲಿಲ್ಲ. ಕೆಳಗಿನ ಬರ್ತಿನ ಮೇಲಿಟ್ಟು, ತಾವು ಅದಕ್ಕೆ ಒರಗಿ ಕೂತರು.

ದೆಹಲಿಯಲ್ಲಿ ಆಟ ಇದ್ದದ್ದು ಭಾನುವಾರ ಮಧ್ಯಾಹ್ನ. ರೈಲು ಶನಿವಾರ ಬೆಳಿಗ್ಗೆ ಹತ್ತೂವರೆಗೆ ದೆಹಲಿ ತಲುಪಬೇಕು. ಒಂದು ದಿನ ವಿಶ್ರಾಂತಿ, ಪರದೆ ಕಟ್ಟಿ ನೋಡುವುದು, ಆಮೇಲೆ ಆಟ. ಹೀಗೆಂದು ಲೆಕ್ಕ ಹಾಕಿದವರು ಆಟ ಏರ್ಪಡಿಸಿದ್ದ ದೆಹಲಿಯ ಶೆಣೈ. ಕುಂದಾಪುರದ ಕಡೆಯವರು, ಓಲ್ಡ್ ರಾಜಿಂದರ್ ನಗರದಲ್ಲಿ ಊಟದ ಹೋಟೆಲ್ ನಡೆಸುತ್ತಿದ್ದರು. ಐಎಎಸ್ ಓದಲು ಬಂದ ಕನ್ನಡದ ಹುಡುಗರಿಗೆಲ್ಲ ಅವರಲ್ಲೇ ಊಟ.

ಶುಕ್ರವಾರ ಚೆನ್ನಾಗಿಯೇ ಹೋಯಿತು. ಸೊಲ್ಲಾಪುರ ದಾಟಿದ ಮೇಲೆ ಈರಣ್ಣ ತಮ್ಮ ಕೆಲಸದ ಬಗ್ಗೆ ಮಾತಾಡಿದರು. ಪರದೆಯ ಹಿಂದೆ ದೀಪದ ಪಕ್ಕ ಕೂತವನಿಗೆ ನೋಡುವ ಜನ ಯಾರೂ ಕಾಣುವುದಿಲ್ಲ. ನಲವತ್ತು ವರ್ಷ ಆಡಿಸಿದ್ದರೂ ತಮ್ಮ ಆಟ ನೋಡುವವರ ಮುಖ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಅದಕ್ಕೇ ಊರುಗಳಲ್ಲಿ ಪರದೆಯ ಹತ್ತಿರ ಒಬ್ಬರಿಬ್ಬರು ಹಿರಿಯರು ಕೂತು, ಪ್ರತಿ ಮಾತಿಗೂ ‘ಹೂಂ’ ಅನ್ನುತ್ತಾರೆ. ಹೂಂ ಬಂದರೆ ಕಥೆ ಮುಂದಕ್ಕೆ. ಬರದಿದ್ದರೆ ಜನ ಮಲಗಿದ್ದಾರೆ, ಇಲ್ಲವೇ ಎದ್ದು ಹೋಗಿದ್ದಾರೆ.

“ಹೂಂ ಅನ್ನೋದೇ ನಮಗ ಕಣ್ಣು ಸಾರ್” ಎಂದರು. ಅದನ್ನು ನಾನು ಬರೆದುಕೊಂಡೆ. ಆ ಪುಟ ಈಗಲೂ ಇದೆ.

ಇನ್ನೊಂದು ಮಾತನ್ನು ಗಂಗವ್ವ ಹೇಳಿದರು. ಶುರುವಾದ ಆಟ ಮಂಗಳ ಹಾಡುವವರೆಗೂ ಹೋಗಬೇಕು. ಮಂಗಳವಾಗದೆ ಪೆಟ್ಟಿಗೆ ಮುಚ್ಚುವಂತಿಲ್ಲ. ಮುಚ್ಚಿದರೆ ಏನಾಗುತ್ತದೆ ಎಂದು ಕೇಳಿದೆ. ಇದುವರೆಗೆ ಮುಚ್ಚಿಲ್ಲ, ಹಾಗಾಗಿ ಗೊತ್ತಿಲ್ಲ ಎಂದರು.

ಶನಿವಾರ ಬೆಳಿಗ್ಗೆ ಝಾನ್ಸಿ ದಾಟುತ್ತಲೇ ಮಂಜು ಕವಿಯಿತು. ಕಿಟಕಿಯ ಹೊರಗೆ ಪಕ್ಕದ ಹಳಿಯೂ ಕಾಣುತ್ತಿರಲಿಲ್ಲ. ರೈಲು ಹತ್ತು ನಿಮಿಷ ಹೋಗುವುದು, ಒಂದು ಗಂಟೆ ನಿಲ್ಲುವುದು. ಗ್ವಾಲಿಯರ್ ತಲುಪಿದಾಗ ಮಧ್ಯಾಹ್ನವಾಗಿತ್ತು. ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಗಿದವು. ಥಂಡಿಗೆ ಗೊಂಬೆಗಳ ತೊಗಲು ಮುರುಟಿಕೊಳ್ಳುತ್ತದೆಂದು ಗಂಗವ್ವ ತಮ್ಮ ಕಂಬಳಿ ತೆಗೆದು ಪೆಟ್ಟಿಗೆಗೆ ಹೊದಿಸಿದರು. ತಾವು ಸೆರಗು ಹೊದ್ದು ಕೂತರು.

ಶೆಣೈ ಗಂಟೆಗೊಮ್ಮೆ ನನ್ನ ಮೊಬೈಲಿಗೆ ಫೋನ್ ಮಾಡುತ್ತಿದ್ದರು. ಮೊದಮೊದಲು ನಾವು ಎಲ್ಲಿದ್ದೇವೆ ಎಂದಷ್ಟೇ ಕೇಳುತ್ತಿದ್ದವರು ಸಂಜೆ ಹೊತ್ತಿಗೆ ತಮ್ಮ ಕಷ್ಟ ಬಿಚ್ಚಿದರು. ಸಭಾಂಗಣವನ್ನು ಅವರು ಆರು ತಿಂಗಳ ಹಿಂದೆಯೇ ಬುಕ್ ಮಾಡಿದ್ದರು. ಅರ್ಜಿಯಲ್ಲಿ ನಾಟಕ, ಸಂಗೀತ, ನೃತ್ಯ, ಸಭೆ ಎಂಬ ನಾಲ್ಕೇ ಕಾಲಂ. ಗೊಂಬೆಯಾಟ ಯಾವುದರಲ್ಲೂ ಇಲ್ಲ. ಗುಮಾಸ್ತ ಯೋಚಿಸಿ ನಾಟಕ ಎಂದು ಬರೆದ. ನಾಟಕವಾದರೆ ಸಂಭಾಷಣೆಯ ಪ್ರತಿ ಕೊಡಬೇಕು. ಈ ಆಟಕ್ಕೆ ಬರೆದ ಮಾತೇ ಇಲ್ಲ. ಶೆಣೈ ತಾವೇ ನಾಲ್ಕು ಪುಟ ಬರೆದು ಕೊಟ್ಟರು. ಆಮೇಲೆ ಪೊಲೀಸ್ ಒಪ್ಪಿಗೆ, ಅಗ್ನಿಶಾಮಕದವರ ಒಪ್ಪಿಗೆ. ಎಣ್ಣೆ ದೀಪ ಕೂಡದು ಎಂಬ ಷರತ್ತಿಗೆ ಸಹಿ. ಎಲ್ಲ ಮುಗಿಯಿತು ಅನ್ನುವಾಗ, ಎರಡು ವಾರದ ಹಿಂದೆ, ಇನ್ನೊಂದು ಪತ್ರ ಬಂತು. ಆಟದ ದಿನದ ಸಂಜೆಯೇ ಸಭಾಂಗಣದಲ್ಲಿ ಸರ್ಕಾರಿ ಸಮಾರಂಭ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಸಿಕ್ಕಿದ್ದ ಜಾಗ ಈಗ ಮಧ್ಯಾಹ್ನ ಎರಡರಿಂದ ಆರಕ್ಕೆ ಇಳಿಯಿತು. ಆರಕ್ಕೆ ಖಾಲಿ ಮಾಡದಿದ್ದರೆ ಕರೆಂಟ್ ತೆಗೆಯುತ್ತಾರೆ.

“ಎಂಥದು ಮಾಡುವುದು ಮಾರಾಯ್ರೇ? ನೀವು ಬಂದು ಮುಟ್ಟಿದರೆ ಸಾಕು ನನಗೆ” ಎಂದರು.

ಮುಟ್ಟಿದ್ದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ಇಪ್ಪತ್ತೊಂದೂವರೆ ಗಂಟೆ ತಡ. ಶೆಣೈ ಮಂಗನ ಟೋಪಿ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಅವರ ವ್ಯಾನಿನಲ್ಲಿ ಹೋಟೆಲಿಗೆ ಹೋಗಿ, ಬಿಸಿನೀರು ಸ್ನಾನ ಮಾಡಿ, ಇಡ್ಲಿ ತಿಂದೆವು. ಈರಣ್ಣ ಒಂದೇ ಇಡ್ಲಿ ತಿಂದರು. ಆಟಕ್ಕೆ ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ ಶೆಣೈ ಎರಡು ಗಂಟೆ ಎಂದರು. ಊರಲ್ಲಿ ಬೆಳಗಾಗುವವರೆಗೆ ಆಡುವ ಪ್ರಸಂಗ ಅದು: ಪಾತಾಳದ ರಕ್ಕಸ ಅಣ್ಣತಮ್ಮಂದಿರನ್ನು ಕದ್ದೊಯ್ದು ಕಟ್ಟಿಹಾಕುವುದು, ವಾನರ ಹೋಗಿ ರಕ್ಕಸನನ್ನು ಕೊಂದು ಅವರನ್ನು ಬಿಡಿಸಿ ತರುವುದು. ಈರಣ್ಣ ಬೆರಳು ಮಡಚಿ ಲೆಕ್ಕ ಹಾಕಿ, ಆಗಲಿ ಎಂದರು.

ಎರಡಕ್ಕೆ ಸರಿಯಾಗಿ ಗೇಟಿನಲ್ಲಿದ್ದೆವು. ಕಾವಲಿನವರು ಪೆಟ್ಟಿಗೆ ತೆರೆಸಿ ಒಂದೊಂದೇ ಗೊಂಬೆ ಎತ್ತಿ ನೋಡಿದರು. ಗೇಟ್ ಪಾಸಿನಲ್ಲಿ ಮೂರು ಹೆಸರಿತ್ತು, ನಾವು ನಾಲ್ವರು. ನನ್ನ ಪತ್ರಿಕೆಯ ಗುರುತಿನ ಚೀಟಿ ಕನ್ನಡದಲ್ಲಿತ್ತು. ಅದನ್ನು ಓದಬಲ್ಲವರು ಅಲ್ಲಿರಲಿಲ್ಲ. ಒಳಗೆ ಹೋಗುವಾಗ ಎರಡು ಐವತ್ತು. ಪರದೆ ಕಟ್ಟಿ, ಎಣ್ಣೆ ದೀಪದ ಬದಲು ಐನೂರು ವ್ಯಾಟಿನ ಬಲ್ಬ್ ತೂಗುಹಾಕಿ, ಗಣಪತಿ ಗೊಂಬೆಗೆ ಪೂಜೆ ಮಾಡಿದಾಗ ಮೂರೂ ಮುಕ್ಕಾಲು. ಊದುಬತ್ತಿ ಹಚ್ಚಲು ಬಿಡಲಿಲ್ಲ. ಗಂಗವ್ವ ಹಚ್ಚದ ಊದುಬತ್ತಿಯನ್ನೇ ಬೆಳಗಿದರು.

ಜನ ಬಂದಿದ್ದರು. ಹದಿನಾಲ್ಕನೇ ಸಾಲಿನವರೆಗೆ ತುಂಬಿತ್ತು. ವಸಂತ್ ಕುಂಜದ ಕನ್ನಡದ ಕುಟುಂಬಗಳು, ಹೋಟೆಲಿನವರು, ಸೈನ್ಯದವರು. ನಾನು ಮೂರನೇ ಸಾಲಿನಲ್ಲಿ ಕೂತೆ. ನನ್ನ ಪಕ್ಕ ಕೊಡಗಿನ ನಿವೃತ್ತ ಸುಬೇದಾರ್ ಬೋಪಯ್ಯ, ಅವರ ಆಚೆ ಹದಿಮೂರು ಹದಿನಾಲ್ಕರ ಮೊಮ್ಮಗಳು. ಶೆಣೈ ಮೈಕಿನಲ್ಲಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕೇಳಿಕೊಂಡರು: ಮೊಬೈಲ್ ಆಫ್ ಮಾಡಿ, ಆಟ ಮುಗಿಯುವವರೆಗೆ ದಯವಿಟ್ಟು ಯಾರೂ ಸದ್ದು ಮಾಡಬೇಡಿ. ದೀಪ ಆರಿತು.

ಮೊದಲು ಕೋಡಂಗಿ ಗಂಡ ಹೆಂಡತಿಯ ಗೊಂಬೆಗಳು ಬಂದು ಜಗಳವಾಡಿದವು. ದೊಡ್ಡವರು ನಕ್ಕರು. ಮಕ್ಕಳು ಅಪ್ಪ ಅಮ್ಮನ ಕಿವಿಯಲ್ಲಿ ಕೇಳಿ ಅರ್ಥ ಮಾಡಿಕೊಂಡು ಆಮೇಲೆ ನಕ್ಕರು. ಪ್ರತಿ ಮಾತಿಗೂ ಎರಡೆರಡು ನಗು. ಎರಡನೆಯದು ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಅದನ್ನು ಗಮನಿಸಿದ ತಾಯಂದಿರು ಮಕ್ಕಳಿಗೆ ಸುಮ್ಮನಿರಲು ಹೇಳಿದರು. ಕಥೆ ಶುರುವಾದ ಮೇಲೆ ಸಭೆ ಉಸಿರು ಕೂಡ ಕೇಳದಷ್ಟು ಸ್ತಬ್ಧವಾಯಿತು.

ರಕ್ಕಸ ಬಂದಾಗ ಬೋಪಯ್ಯ ‘ಹೂಂ’ ಎಂದರು. ಮತ್ತೆರಡು ಬಾರಿ ಅಂದರು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. ಮೊಮ್ಮಗಳು ಅವರ ತೋಳು ಹಿಡಿದು, “ಅಜ್ಜಾ, ಪ್ಲೀಸ್. ಸಬ್ ದೇಖ್ ರಹೇ ಹೈಂ” ಎಂದಳು. ಎಲ್ಲರೂ ನೋಡುತ್ತಿದ್ದಾರೆಂದು ಅವಳಿಗೆ ನಾಚಿಕೆ. ಅವರು ಸುಮ್ಮನಾದರು. ನಾನು ಸಮಯ ಬರೆದುಕೊಂಡೆ, ನಾಲ್ಕು ಇಪ್ಪತ್ತು.

ನಾಲ್ಕು ಮೂವತ್ತೈದಕ್ಕೆ ಈರಣ್ಣನ ದನಿ ನಿಂತಿತು. ಮದ್ದಳೆಯೂ ನಿಂತಿತು. ಗೊಂಬೆಗಳು ಸರಿದು, ಬರೀ ಪರದೆ ಬೆಳಗುತ್ತ ಉಳಿಯಿತು. ಜನ ಎರಡು ಮೂರು ನಿಮಿಷ ಹಾಗೇ ನೋಡುತ್ತ ಕೂತರು. ಇದು ವಿರಾಮವಿರಬೇಕೆಂದು ಕೆಲವರು ಚಹಾಕ್ಕೆ ಎದ್ದರು. ನಾನು ಹಿಂದಕ್ಕೆ ಹೋದೆ.

ಈರಣ್ಣ ಬಲ್ಬಿನ ಪಕ್ಕ ಬೆವರಿಕೊಂಡು ಕೂತಿದ್ದರು. “ಯಾರಿಗ್ ಹೇಳ್ಲಿ ಸಾರ್? ಆ ಕಡಿ ಒಬ್ರೂ ಇಲ್ಲ” ಎಂದರು.

ಹದಿನಾಲ್ಕು ಸಾಲು ತುಂಬಿದೆ ಎಂದೆ. ಅವರು ನಂಬಲಿಲ್ಲ. ಇದ್ದಿದ್ದರೆ ಹೂಂ ಅನ್ನುತ್ತಿದ್ದರು. ಮೂರು ಸಲ ಒಬ್ಬರು ಅಂದಿದ್ದು ಕೇಳಿತ್ತು, ಆಮೇಲೆ ಅವರೂ ಎದ್ದು ಹೋದರು ಎಂದುಕೊಂಡಿದ್ದರು. ಗಂಗವ್ವ ಪರದೆ ಸರಿಸಿ ನೋಡಿದ್ದರಂತೆ. ಐನೂರು ವ್ಯಾಟಿನ ಬೆಳಕು ನೋಡಿದ ಕಣ್ಣಿಗೆ ಆಚೆ ಬರೀ ಕತ್ತಲೆ. ಅವರು ನನ್ನತ್ತ ತಿರುಗಿದರು.

“ನೀವಾದ್ರೂ ಒಂದು ಹೂಂ ಅನ್ನಬಾರದಿತ್ತೇನ್ರಿ? ಎರಡು ದಿನದಿಂದ ಕೇಳಿದ ದನಿ, ಗುರ್ತು ಹಿಡೀತಿದ್ವಿ.”

ನಾನು ಬರೆಯಲು ಬಂದವನು, ನಡುವೆ ಬಾಯಿ ಹಾಕುವುದು ನಮ್ಮ ಕೆಲಸದಲ್ಲಿಲ್ಲ ಎಂದೆ. ಇಪ್ಪತ್ತು ವರ್ಷದ ಅಭ್ಯಾಸ ಅದು. ಯಾವ ಸಭೆಯಲ್ಲೂ ಚಪ್ಪಾಳೆ ತಟ್ಟಿದವನಲ್ಲ.

“ಬರೆಯೋರಿಗೆ ಬಾಯಿ ಇರಂಗಿಲ್ಲೇನು?” ಎಂದರು ಗಂಗವ್ವ. ಕೋಪದಿಂದೇನೂ ಕೇಳಲಿಲ್ಲ.

ಶೆಣೈಯನ್ನು ಕರೆತಂದೆ. ಅವರು ಹಣೆ ಚಚ್ಚಿಕೊಂಡರು. ಸಭಾಂಗಣದ ದೀಪ ಹಾಕಿಸಿ, ಈರಣ್ಣನನ್ನು ಪರದೆಯ ಮುಂದಕ್ಕೆ ಕರೆತಂದು ನಿಲ್ಲಿಸಿದರು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಆಟದ ನಡುವೆ ಈರಣ್ಣ ತಮ್ಮ ಜನರನ್ನು ನೋಡಿದರು. ಜನ ಚಪ್ಪಾಳೆ ತಟ್ಟಿದರು. ಅವರು ಕೈಮುಗಿದರು. ಶೆಣೈ ಮೈಕಿನಲ್ಲಿ ತಮ್ಮ ಮಾತನ್ನು ತಾವೇ ವಾಪಸು ತೆಗೆದುಕೊಂಡು, ಎಲ್ಲರೂ ಹೂಂ ಅನ್ನಬೇಕು ಎಂದು ಕೇಳಿಕೊಂಡರು. ಚಹಾಕ್ಕೆ ಹೋದವರು ವಾಪಸು ಬಂದು ಕೂರುವಷ್ಟರಲ್ಲಿ ಐದು ಗಂಟೆ ಎರಡು ನಿಮಿಷ. ಇಪ್ಪತ್ತೇಳು ನಿಮಿಷ ಹೋಗಿತ್ತು.

ಈಗ ಇನ್ನೊಂದು ಆತಂಕ. ಬೋಪಯ್ಯ ಪರೇಡ್ ಮೈದಾನದ ದನಿಯಲ್ಲಿ ಹೂಂ ಅಂದರು. ಮೊಮ್ಮಗಳು ನಕ್ಕು, ತಾನೂ ಅಂದಳು. ಮಕ್ಕಳಿಗೆ ಅದೊಂದು ಆಟವಾಯಿತು. ಹೂಂ ಬಂದಷ್ಟೂ ಈರಣ್ಣ ಕಥೆ ಬೆಳೆಸಿದರು. ವಾನರ ಪಾತಾಳದ ಬಾಗಿಲು ಕಾಯುವವನ ಹತ್ತಿರ ಹದಿನೈದು ನಿಮಿಷ ವಾದ ಮಾಡಿದ. ಬಾಗಿಲು ಕಾಯುವವನು ಗೇಟ್ ಪಾಸ್ ಕೇಳಿದ, ಪಾಸಿನಲ್ಲಿ ಬಾಲದ ಹೆಸರಿಲ್ಲ, ಬಾಲ ಬಿಟ್ಟು ಒಳಗೆ ಹೋಗು ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ಶೆಣೈ ಮಾತ್ರ ನಗಲಿಲ್ಲ. ಗಡಿಯಾರ ನೋಡುತ್ತ ಗೋಡೆಗೆ ಒರಗಿ ನಿಂತಿದ್ದರು.

ಐದು ಐವತ್ತಕ್ಕೆ ಸಭಾಂಗಣದ ವ್ಯವಸ್ಥಾಪಕ ಬಂದು ಶೆಣೈ ಪಕ್ಕ ನಿಂತ. ಒರಟನಲ್ಲ. ಸಮಾರಂಭಕ್ಕೆಂದು ಮೊಗಸಾಲೆಗೆ ಆಗಲೇ ಪೊಲೀಸರು ನಾಯಿಗಳ ಸಮೇತ ಬಂದಿದ್ದರು. ಬೇಗ ಮುಗಿಸಲು ಪಂಪಣ್ಣನಿಗೆ ಹೇಳಿ ಎಂದು ಶೆಣೈ ನನ್ನನ್ನು ಓಡಿಸಿದರು. ನಾನು ಪರದೆಯ ಹಿಂದೆ ಹೋಗಿ ಕೈ ತೋರಿಸಿದೆ. ಈರಣ್ಣ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ವ್ಯವಸ್ಥಾಪಕ ಐದು ನಿಮಿಷ ಹೆಚ್ಚು ಕೊಟ್ಟ. ಆರು ಗಂಟೆ ಐದು ನಿಮಿಷಕ್ಕೆ, ವಾನರ ರಕ್ಕಸನ ಎದುರು ಬಂದು ನಿಂತಾಗ, ಬಲ್ಬ್ ಆರಿತು.

ಇದೇ ಕೊನೆ ಎಂದುಕೊಂಡು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪರದೆಯ ಹಿಂದೆ ಮೂವರೂ ಅಲ್ಲಾಡದೆ ಕೂತಿದ್ದರು. ರಕ್ಕಸ ಬದುಕಿದ್ದ. ಅಣ್ಣತಮ್ಮಂದಿರು ಕಟ್ಟಿಹಾಕಿದಂತೆಯೇ ಇದ್ದರು. ತಮ್ಮ ಹೋಟೆಲಿನಲ್ಲಿ ಮುಂದುವರಿಸಿ ಎಂದರು ಶೆಣೈ. ಆದರೆ ಒಂಬತ್ತೂ ಕಾಲಿಗೆ ವಾಪಸು ರೈಲು, ದಾರಿಯುದ್ದಕ್ಕೂ ಮೆಟ್ರೊಗೆ ಅಗೆದ ರಸ್ತೆ. ಆಗದ ಮಾತು. ಗಂಗವ್ವ ಗೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟರು. ಮುಚ್ಚಳದ ಅಡಿಗೆ ಗೊಂಬೆಯ ಒಂದು ಬಿದಿರುಕೋಲು ಅಡ್ಡವಿಟ್ಟು, ಬಾಯಿ ತೆರೆದೇ ಇರುವಂತೆ ಹಗ್ಗ ಕಟ್ಟಿದರು. ಗೇಟಿನಲ್ಲಿ ಕಾವಲಿನವನು “ಭಯ್ಯಾ, ಡಬ್ಬಾ ಖುಲಾ ಹೈ” ಎಂದು ತೆರೆದ ಮುಚ್ಚಳ ತೋರಿಸಿ ಎಚ್ಚರಿಸಿದ.

ಹಾಗೆಯೇ ರೈಲು ಹತ್ತಿದೆವು. ಶೆಣೈ ಕಟ್ಟಿಕೊಟ್ಟ ಚಪಾತಿ, ಮೊಸರನ್ನವನ್ನು ಗಂಗವ್ವ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಮತ್ತೆ ಮಂಜು, ಮತ್ತೆ ನಿಲುಗಡೆ. ಪೆಟ್ಟಿಗೆಯ ಬಾಯಿಗೆ ದೂಳು ಬೀಳದಂತೆ ಅವರು ಸೆರಗು ಅಡ್ಡ ಹಿಡಿದೇ ಕೂತಿದ್ದರು. ನಾನು ವರದಿ ಬರೆಯಲು ಕೂತೆ. ಜನ ತುಂಬಿದ್ದರು, ಪ್ರತಿಕ್ರಿಯೆ ಉತ್ತಮವಾಗಿತ್ತು, ಪ್ರದರ್ಶನ ಅಪೂರ್ಣವಾಯಿತು. ಮೂರೂ ನಿಜ. ಇಪ್ಪತ್ತೇಳು ನಿಮಿಷ ಹೇಗೆ ಹೋಯಿತೆಂದು ಬರೆಯಲು ಪೆನ್ನು ಮುಂದೆ ಹೋಗಲಿಲ್ಲ.

ಎಂಟು ಗಂಟೆ ತಡವಾಗಿ ಭೋಪಾಲ್ ಬಂತು. ಅದನ್ನು ದಾಟಿದ ಮೇಲೆ ಮಂಜು ಹರಿದು ಬಿಸಿಲು ಬಿತ್ತು. ಶುಕ್ರವಾರದ ನಂತರ ಅಷ್ಟು ಬಿಸಿಲು ಕಂಡಿರಲಿಲ್ಲ. ಈರಣ್ಣ ಬಹಳ ಹೊತ್ತು ಕಿಟಕಿಯನ್ನೇ ನೋಡಿದರು. ಆಮೇಲೆ ಎದ್ದು, ಮಡಿಸಿಟ್ಟಿದ್ದ ತಮ್ಮ ಬಿಳಿ ಪಂಚೆಯ ಒಂದು ತುದಿಯನ್ನು ಮೇಲಿನ ಬರ್ತಿನ ಸರಪಳಿಗೆ, ಇನ್ನೊಂದನ್ನು ಬಟ್ಟೆ ತೂಗುಹಾಕುವ ಕೊಕ್ಕೆಗೆ ಕಟ್ಟಿದರು. ಪಂಚೆಗೂ ಕಿಟಕಿಗೂ ನಡುವೆ ಒಂದು ಗೇಣು ಜಾಗ. ಪೆಟ್ಟಿಗೆಯಿಂದ ವಾನರನನ್ನೂ ರಕ್ಕಸನನ್ನೂ ತೆಗೆದು ಆ ಸಂದಿಯಲ್ಲಿ ಹಿಡಿದರು. ಹಿಂದಿನಿಂದ ಬಿಸಿಲು ಹೊಡೆದು ಕೆಂಪು, ಹಸಿರು ಪಂಚೆಯ ಮೇಲೆ ಹೊತ್ತಿಕೊಂಡವು. ಪಂಪಣ್ಣ ಮದ್ದಳೆ ಮಡಿಲಿಗೆ ಎಳೆದುಕೊಂಡ. ಚಹಾ ಮಾರುವವನು ಕೆಟಲ್ ಕೆಳಗಿಟ್ಟು ನಿಂತ.

ಈರಣ್ಣ ಮೊದಲ ಮಾತು ಹೇಳಿ ತಡೆದರು. ಗಂಗವ್ವ ನನ್ನ ಕಡೆ ನೋಡಿದರು.

ಪುಸ್ತಕ ಮಡಚಿಟ್ಟು, ಹೂಂ ಎಂದೆ.

ಕಥೆ ಮುಂದೆ ಹೋಯಿತು. ರಕ್ಕಸ ಬಿದ್ದ. ಅಣ್ಣತಮ್ಮಂದಿರ ಕಟ್ಟು ಬಿಚ್ಚಿತು. ಗಂಗವ್ವ ಮಂಗಳ ಹಾಡಿ, ಗೊಂಬೆಗಳನ್ನು ಒಂದೊಂದಾಗಿ ಸೀರೆಯ ಮಡಿಕೆಯಲ್ಲಿ ಮಲಗಿಸಿ, ಬಿದಿರುಕೋಲು ತೆಗೆದು ಮುಚ್ಚಳ ಹಾಕಿದರು. ಅದು ಎಷ್ಟು ಗಂಟೆಗೆ ಎಂಬುದು ನನ್ನ ಪುಸ್ತಕದಲ್ಲಿಲ್ಲ.