ಸಾವಿತ್ರಮ್ಮನ ಕಾಲಿನ ಅಳತೆ

ನೊರಿಕೊ ಅವರೇ, ಸಾವಿತ್ರಮ್ಮ ಆ ದಿನ ಸತ್ತಿರಲಿಲ್ಲ. ಸತ್ತರೆಂದು ನಿಮಗೆ ಫೋನಿನಲ್ಲಿ ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆ ಹೊತ್ತಿನಲ್ಲಿ ಅವರು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನಲ್ಲಿ, ನನ್ನ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ, ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತ — ಇಲ್ಲ, ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಬದುಕಿದ್ದರು. ಅಷ್ಟು ಮಾತ್ರ ಖಚಿತ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಓದಲಾರದ ಭಾಷೆಯಲ್ಲಿ ನಿಮ್ಮೆದುರು ತಪ್ಪೊಪ್ಪಿಕೊಳ್ಳುವುದೂ ಒಂದು ಬಗೆಯ ಅಡಗುವಿಕೆಯೇ. ಆದರೆ ಸುಳ್ಳು ಹೇಳಿದ್ದು ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ ನನ್ನನ್ನು ನಾನು ಇನ್ನೂ ನಂಬಲಾರೆ.

ಆಗ ಡಾಟ್‌ಕಾಮ್ ಭರಾಟೆ. ಇಂಟರ್ನೆಟ್ಟಿನಲ್ಲಿ ಏನನ್ನು ಮಾರುತ್ತೇನೆಂದರೂ ಕೇಳುವವರಿದ್ದರು. ಮೌಂಟನ್ ವ್ಯೂನಲ್ಲಿ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ, ಎರಡು ಕೋಣೆಗಳಲ್ಲಿ ನಮ್ಮ ಕಂಪನಿ. ಜಪಾನಿಗೆ ಹೋಗುವವರು ನಿಮ್ಮ ಹಿಮದ ಊರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಡುವ ಸ್ಕೀ, ಸ್ನೋಬೋರ್ಡ್ ಪಾಠಗಳನ್ನು ಇಲ್ಲಿ ಕೂತೇ ಬುಕ್ ಮಾಡಬಹುದು — ನಮ್ಮ ವೆಬ್‌ಸೈಟು ಇದ್ದದ್ದು ಅದಕ್ಕೆ. ‘ತಕ್ಷಣವೇ ಖಾತ್ರಿ’ ಎಂದು ಅದರ ಮೇಲೆ ಬರೆದಿತ್ತು. ನಿಜದಲ್ಲಿ, ಯಾರಾದರೂ ಬುಕ್ ಮಾಡಿದರೆ ನಾನು ಅದನ್ನು ಕಾಗದಕ್ಕಿಳಿಸಿ ನಿಮಗೆ ಫ್ಯಾಕ್ಸ್ ಮಾಡಬೇಕಿತ್ತು. ಇಲ್ಲಿ ಸಂಜೆ ನಾಲ್ಕಾದರೆ ನಿಮಗೆ ಮರುದಿನ ಬೆಳಗಿನ ಒಂಬತ್ತು. ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು.

ಬುಕ್ ಮಾಡುವವರೇ ಇರಲಿಲ್ಲ. ಕಂಪನಿ ಕಟ್ಟಿದ್ದ ಹಾಸನದ ಪ್ರಕಾಶ್, ಬಂಡವಾಳ ಹೂಡುವವರು ನೋಡಲು ಬರುತ್ತಾರೆಂದು ಗೊತ್ತಾದ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಖಾಲಿ ಸ್ಕ್ರೀನು ತೋರ್ಸಕ್ಕಾಗುತ್ತಾ ಸುಮಾ? ಒಂದಷ್ಟು ಹೆಸರು ಹಾಕಿ. ಡೆಮೊ ಆದ್ಮೇಲೆ ಕ್ಯಾನ್ಸಲ್ ಮಾಡಿದ್ರಾಯ್ತು.”

ಹೆಸರುಗಳಿಗೆ ದೂರ ಹೋಗಬೇಕಾಗಲಿಲ್ಲ. ಫ್ರೀಮಾಂಟಿನಲ್ಲಿ ನಡೆದ ಕನ್ನಡದವರ ದೀಪಾವಳಿ ಊಟಕ್ಕೆ ಯಾರು ಏನು ಮಾಡಿ ತರಬೇಕೆಂಬ ಪಟ್ಟಿ ನನ್ನ ಚೀಲದಲ್ಲೇ ಇತ್ತು. ಯಾರ ಮನೆಯಿಂದ ಎಷ್ಟು ಜನ, ಮಕ್ಕಳ ವಯಸ್ಸೆಷ್ಟು, ಬಿಸಿಬೇಳೆಬಾತ್ ಯಾರದು, ಮೊಸರನ್ನ ಯಾರದು. ಅಡುಗೆಗಳನ್ನು ಬಿಟ್ಟು ಹೆಸರುಗಳನ್ನು ಇಳಿಸಿಕೊಂಡೆ. ಎತ್ತರ, ಬೂಟಿನ ಅಳತೆ, ಸ್ನೋಬೋರ್ಡಿನ ಮೇಲೆ ಯಾವ ಕಾಲು ಮುಂದೆ — ಎಲ್ಲವನ್ನೂ ಕಲ್ಪಿಸಿಕೊಂಡು ತುಂಬಿದೆ. ಇಪ್ಪತ್ತಮೂರು ಜನ ಎಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಉಳಿದಿರುವ ಒಂದು ಹಾಳೆ ಹತ್ತೊಂಬತ್ತು ಎನ್ನುತ್ತದೆ. ಉಳಿದ ನಾಲ್ವರನ್ನು ಯಾವಾಗ ಸೇರಿಸಿದೆನೋ.

ಫ್ಯಾಕ್ಸ್ ಕಳಿಸಲೇಬೇಕಿತ್ತೆ? ಪರದೆಯ ಮೇಲೆ ತೋರಿಸಿದ್ದರೆ ಸಾಕಿತ್ತು. ನಿಮ್ಮ ಖಾತ್ರಿ ಬಂದರೆ ನಿಜದ ಹಾಗೆ ಕಾಣುತ್ತದೆ ಎಂದುಕೊಂಡೆ. ಕಳಿಸಿದೆ.

ನೀವು ಉತ್ತರ ಬರೆದಿರಿ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಪರೀಕ್ಷೆ ಬರೆದಂತೆ. ಇಂಗ್ಲಿಷ್ ಪಾಠಗಳನ್ನು ಒಂದು ಚಳಿಗಾಲ ನಡೆಸಿ ನೋಡಲು ನಿಮ್ಮ ಸ್ಕೀ ಶಾಲೆಯ ಹಿರಿಯರು ಒಪ್ಪಿದ್ದಾರೆ, ಇಷ್ಟು ದೊಡ್ಡ ಬಳಗ ಬರುತ್ತಿರುವುದು ನಿಮ್ಮ ಭಾಗ್ಯ, ಇಂಗ್ಲಿಷ್ ಬಲ್ಲ ಇಬ್ಬರು ಶಿಕ್ಷಕರನ್ನು ಬೇರೆ ಊರಿನಿಂದ ಕರೆಸುತ್ತಿದ್ದೀರಿ. ಇವರು ಮಾಂಸ ತಿನ್ನುತ್ತಾರೆಯೇ? ಇಲ್ಲ ಎಂದು ಬರೆದೆ. ನಮ್ಮಲ್ಲಿ ಎಲ್ಲ ಸಾರಿಗೂ ಮೀನಿನ ರಸ ಸೇರುತ್ತದೆ, ಹಾಗಾಗಿ ಕಡಲ ಸಸ್ಯದಿಂದ ಬೇರೆಯೇ ಸಾರು ಮಾಡಿ ನೋಡುತ್ತಿದ್ದೇನೆ ಎಂದಿರಿ. ಅರವತ್ತೆಂಟು ವರ್ಷದ ಈ ಸಾವಿತ್ರಿ ಎಂಬವರೂ ಕಲಿಯುತ್ತಾರೆಯೇ? ಅವರ ಕಾಲಿನ ಸರಿಯಾದ ಅಳತೆ ಸೆಂಟಿಮೀಟರಿನಲ್ಲಿ ಬೇಕು. ಹಿರಿಯರಿಗೆ ಬೂಟು ಒತ್ತಬಾರದು.

ಇಲ್ಲಿ ನಾನು ಒಂದು ಅಂಕಿ ಬರೆದುಬಿಡಬಹುದಿತ್ತು. ಬದಲಿಗೆ ಹೊಲಿಗೆಯ ಟೇಪು ಹಿಡಿದು ಕೆಳಗಿನ ಮನೆಗೆ ಹೋದೆ. ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಸಾವಿತ್ರಮ್ಮ ಪೇಪರಿನ ಮೇಲೆ ಕಾಲಿಟ್ಟು ನಕ್ಕರು.

“ಅಲ್ಲ ಕಣವ್ವ, ನಾನು ಜಾರಿ ಬಿದ್ರೆ ಎತ್ತೋರ್ ಯಾರು? ನಿಮ್ ಕಂಪ್ಯೂಟ್ರಾ?”

ಇಪ್ಪತ್ತೆರಡೂವರೆ. ಇಡೀ ಪಟ್ಟಿಯಲ್ಲಿ ನಿಜವಾಗಿದ್ದ ಅಳತೆ ಅದೊಂದೇ. ಅವರ ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ನಿಮಗೆ ಕಳಿಸಿದೆ. ನಿಮ್ಮ ಉತ್ತರ ಒಂದೇ ಸಾಲು: ಅಜ್ಜಿಗೆ ಹೇಳಿ, ನಾನೇ ಕೈ ಹಿಡಿದುಕೊಳ್ಳುತ್ತೇನೆ. ಅದನ್ನು ಸಾವಿತ್ರಮ್ಮನಿಗೆ ಓದಿ ಹೇಳಿದಾಗ — ನಾಚಿಕೊಂಡರು ಎಂದು ನನ್ನ ನೆನಪು. ನೆನಪು ಇಂಥ ಕಡೆ ಬಣ್ಣ ಬಳಿಯುತ್ತದೆ. ಸುಮ್ಮನೆ ತಲೆಯಾಡಿಸಿದ್ದರೂ ಇರಬಹುದು.

ಬಂಡವಾಳದವರು ಬಂದು, ಪಟ್ಟಿ ನೋಡಿ, ತಲೆದೂಗಿ ಹೋದರು. ಕ್ಯಾನ್ಸಲ್ ಮಾಡಿದಿರಾ ಎಂದು ಪ್ರಕಾಶ್ ಮೂರು ಸಲ ಕೇಳಿದರು. ಮೂರು ಸಲವೂ ಮಾಡಿದೆ ಎಂದೆ. ಆದ್ದರಿಂದ ಇದನ್ನು ಅವರ ಮೇಲೆ ಹೊರಿಸಲಾರೆ. ಮಾಡಲಿಲ್ಲ ಯಾಕೆ? ಹೆದರಿಕೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಇನ್ನೂ ಕೀಳು: ರದ್ದಾದರೆ ನಿಮ್ಮ ಪತ್ರಗಳು ನಿಲ್ಲುತ್ತಿದ್ದವು. ಇಡೀ ದಿನದಲ್ಲಿ ನನ್ನ ಹೆಸರು ಹಿಡಿದು ಬರುತ್ತಿದ್ದದ್ದು ಅವಷ್ಟೇ. ನಿಮ್ಮ ಪ್ರಶ್ನೆಗಳಿಗೆ ಉತ್ತರ ಹುಟ್ಟಿಸುವುದು ನನಗೆ ಸುಖವಾಗಿತ್ತು.

ಕ್ರಿಸ್ಮಸ್ ರಜೆಯಲ್ಲಿ, ಖಾಲಿ ಆಫೀಸಿಗೆ ರದ್ದಿನ ಫ್ಯಾಕ್ಸ್ ಕಳಿಸಲೆಂದೇ ಹೋದೆ. ಬಳಗ ಬಂದಿಳಿಯಬೇಕಾದ ದಿನಕ್ಕೆ ಇನ್ನೂ ಒಂದು ದಿನವಿದೆ ಎಂದುಕೊಂಡೆ, ಅಲ್ಲಿ ಆಗಲೇ ಆ ದಿನ ಬಂದುಬಿಟ್ಟಿರುವುದು ಮರೆತೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಎರಡು ಗಡಿಯಾರಗಳ ಕೆಳಗೆ ತಿಂಗಳುಗಟ್ಟಲೆ ಕೂತವಳು ಅದನ್ನು ಮರೆಯುವುದಿಲ್ಲ.

ನಾಲ್ಕೂವರೆಗೆ ಫೋನು. ರೈಲು ನಿಲ್ದಾಣದಿಂದ ನೀವು.

“ರೈಲು ಬಂದು ಹೋಯಿತು. ಬಸ್ಸು ನಿಲ್ಲಿಸಿಕೊಂಡಿದ್ದೇನೆ. ನಿಮ್ಮವರು ಮುಂದಿನ ರೈಲಿಗೆ ಬರುತ್ತಾರೆಯೇ?”

“ಅಜ್ಜಿ ತೀರಿಕೊಂಡರು,” ಎಂದೆ. “ಅದಕ್ಕೇ ಯಾರೂ ಹೊರಡಲಿಲ್ಲ.”

ನಿಮ್ಮ ಹಿಂದೆ ಹಿಮ ಬೀಳುತ್ತಿತ್ತು ಎಂದು ನನಗೆ ಕಾಣುತ್ತದೆ, ನಾನು ನೋಡಿದ್ದೇನೆಯೇ? ಆಮೇಲೆ ನೀವು ಕೇಳಿದ್ದು ಪಾಠಗಳ ಬಗ್ಗೆ ಅಲ್ಲ.

“ಅವರಿಗೆ ನೋವಾಯಿತೇ?”

“ಇಲ್ಲ,” ಎಂದೆ. “ನಿದ್ದೆಯಲ್ಲೇ ಹೋದರು.”

ಮೊದಲನೆಯ ಸುಳ್ಳು ಗಾಬರಿಯಲ್ಲಿ ಬಾಯಿಂದ ಬಿದ್ದದ್ದು ಎನ್ನಬಹುದೇನೋ. ಎರಡನೆಯದನ್ನು ಆರಿಸಿಕೊಂಡು ಹೇಳಿದೆ.

ಸಂಕ್ರಾಂತಿಯ ವಾರ ನಿಮ್ಮ ಪೊಟ್ಟಣ ಬಂತು. ಕೆನ್ನೀಲಿ ಕಾಗದ ಸುತ್ತಿದ ಪೆಟ್ಟಿಗೆ, ಒಳಗೆ ಊದುಬತ್ತಿ, ಅಜ್ಜಿಯ ಪಟದ ಮುಂದೆ ಹಚ್ಚಲು. ಜೊತೆಗೆ ಒಂದು ಪತ್ರ. ಮುಂದಿನ ಚಳಿಗಾಲ ಇಂಗ್ಲಿಷ್ ಪಾಠಗಳು ಇರುವುದಿಲ್ಲ, ನೀವು ಮತ್ತೆ ನಿಮ್ಮ ಹಳೆಯ ಕೆಲಸಕ್ಕೆ, ಟಿಕೆಟ್ ಕೌಂಟರಿಗೆ, ಹೋಗುತ್ತಿದ್ದೀರಿ. ಅಂಥ ದುಃಖದಲ್ಲಿ ಕೇಳುವುದು ತಪ್ಪು, ಆದರೂ — ನಿಮ್ಮ ತಯಾರಿಯಲ್ಲಿ, ಸಾರಿನಲ್ಲಿ, ಇಂಗ್ಲಿಷಿನಲ್ಲಿ ಏನಾದರೂ ಕೊರತೆ ಕಂಡಿತ್ತೇ?

ನಾನು ಉತ್ತರ ಬರೆಯಲಿಲ್ಲ.

ಅದೇ ವಾರ ಸಾವಿತ್ರಮ್ಮ ಎಳ್ಳುಬೆಲ್ಲ ಕೊಡಲು ಮೇಲೆ ಬಂದರು. ಪೆಟ್ಟಿಗೆ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಹಿಮದ ಊರಿನ ಕಥೆ ಏನಾಯಿತೆಂದು ಕೇಳಿದರು. ಕ್ಯಾನ್ಸಲ್ ಆಯಿತು ಎಂದೆ.

“ಆಗ್ಲಿ ಬುಡು. ಆ ಹೆಣ್ಮಗ ಪಾಪ ಕೈ ಹಿಡ್ಕತೀನಿ ಅಂದಿತ್ತಲ್ಲ, ಅದ್ಕೆ ಬೇಜಾರಾಗಿಲ್ವ?”

ಆಗಿಲ್ಲ ಎಂದೆ.

ಕಂಪನಿ ಎರಡು ವರ್ಷ ಬಾಳಲಿಲ್ಲ. ನಾನು ಫ್ರೀಮಾಂಟಿಗೆ ಮನೆ ಬದಲಿಸಿದೆ, ಪೆಟ್ಟಿಗೆಯೂ ಬಂತು. ನಿಮ್ಮ ಫ್ಯಾಕ್ಸುಗಳನ್ನು ಅದರಲ್ಲೇ ಇಟ್ಟಿದ್ದೆ. ಆ ಕಾಗದದ ಮೇಲಿನ ಅಕ್ಷರ ವರ್ಷ ಕಳೆದಂತೆ ಮಾಸುತ್ತದೆಂದು ಆಗ ಗೊತ್ತಿರಲಿಲ್ಲ. ಈಗ ಎಲ್ಲ ಹಾಳೆಗಳೂ ಬಿಳಿ. ಪೆನ್ನಿನಲ್ಲಿ ಬರೆದ ನನ್ನ ಪಟ್ಟಿ ಮತ್ತು ನಿಮ್ಮ ಕೊನೆಯ ಪತ್ರ ಮಾತ್ರ ಉಳಿದಿವೆ. ಹಾಗಾಗಿ ಇಲ್ಲಿ ನಿಮ್ಮ ಮಾತೆಂದು ಬರೆದದ್ದರಲ್ಲಿ ನಿಮ್ಮದೆಷ್ಟು, ನನ್ನದೆಷ್ಟು — ತಿದ್ದಲು ನೀವೇ ಬೇಕು.

ಸಾವಿತ್ರಮ್ಮ ಕೆಲವು ವರ್ಷಗಳ ಹಿಂದೆ ಮಂಡ್ಯದಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ, ಬಹಳ ನೋವು ತಿಂದು ಎಂದು ಅವರ ಮಗಳು ಫೋನಿನಲ್ಲಿ ಹೇಳಿದಳು. ಪೆಟ್ಟಿಗೆ ತೆರೆದೆ. ಒಂದು ಕಡ್ಡಿಯನ್ನೂ ಹಚ್ಚಲಾಗಲಿಲ್ಲ. ನೀವು ಅದನ್ನು ಕಳಿಸಿದ್ದು ನಿದ್ದೆಯಲ್ಲಿ ಹೋದ ಯಾರಿಗೋ.

ಪೊಟ್ಟಣದ ಮೇಲೆ ನಿಮ್ಮ ಶಾಲೆಯ ವಿಳಾಸವಿದೆ. ನೀವು ಅಲ್ಲಿ ಇಲ್ಲದಿರಬಹುದು. ನಾಳೆ ಇಂಗ್ಲಿಷಿನಲ್ಲಿ ಬರೆದು, ಊದುಬತ್ತಿಯ ಜೊತೆ ಕಳಿಸುತ್ತೇನೆ. ಯಾಕೆ ಹೀಗೆ ಮಾಡಿದೆನೆಂದು ಅದರಲ್ಲಿ ಇರುವುದಿಲ್ಲ; ಇಷ್ಟೇ ಇರುತ್ತದೆ: ಯಾರೂ ಸತ್ತಿರಲಿಲ್ಲ. ಯಾರೂ ಬರುವವರಿರಲಿಲ್ಲ. ನಿಮ್ಮ ತಯಾರಿಯಲ್ಲಿ ಯಾವ ಕೊರತೆಯೂ ಇರಲಿಲ್ಲ.