ಬಾಗಿಲು ಯಾರಿಗೆ ಸುದ್ದಿ ಹೇಳಬೇಕು

ನಾನು ಕೆಲಸಕ್ಕೆ ಸೇರಿದ ಕಂಪನಿ ಯುರೋಪಿನ ಉತ್ತರದ ತುದಿಯ ಒಂದು ಚಳಿ ದೇಶದ್ದು. ಬೆರಳಿಟ್ಟರೆ ತೆರೆಯುವ, ಬಾಗಿಲು ಮುಚ್ಚಿದೊಡನೆ ತಾನಾಗಿಯೇ ಬೀಳುವ ಬೀಗ ಮಾಡುತ್ತಿತ್ತು. ತಮ್ಮ ದೇಶದಲ್ಲಿ ಮಾರುವಷ್ಟು ಮಾರಿಯಾಗಿತ್ತು, ಇನ್ನು ಹೊರಗೆ ಹೋಗಬೇಕಿತ್ತು. ಬೆಂಗಳೂರಿಗೆ ಬಂದವಳು ಒಬ್ಬಳೇ ಅಧಿಕಾರಿ, ನನ್ನದೇ ವಯಸ್ಸಿನವಳು. ಅವಳು ಇಲ್ಲಿ ನೇಮಿಸಿಕೊಂಡ ಮೊದಲಿಗಳು ನಾನು. ಬೀಗ ಆಡುವ ಮಾತುಗಳನ್ನು ಕನ್ನಡದಲ್ಲಿ ಬರೆದು ನನ್ನ ದನಿಯಲ್ಲೇ ಮುದ್ರಿಸಿಕೊಡುವುದು, ಕೊಂಡವರ ಮನೆಗೆ ಹೋಗಿ ಹೇಗಿದೆ ಎಂದು ಕೇಳುವುದು ನನ್ನ ಕೆಲಸ. ತ್ಯಾಗರಾಜನಗರದ ನಮ್ಮ ಮನೆಯಿಂದ ಆಫೀಸಿಗೆ ಆಟೋದಲ್ಲಿ ಹೋಗಿಬಿಡಬಹುದಿತ್ತು. ಒಪ್ಪಿಕೊಳ್ಳಲು ಅದೂ ಒಂದು ಕಾರಣ.

ಆಫೀಸು ಕತ್ರಿಗುಪ್ಪೆಯ ಒಂದು ಮನೆಯ ಮಹಡಿಯಲ್ಲಿತ್ತು. ಕೆಳಗೆ ಮನೆಯ ಒಡತಿ ಇದ್ದರು. ಅವರ ಮಾವನ ಕಾಲದಲ್ಲಿ ಅಲ್ಲೆಲ್ಲ ರಾಗಿ ಹೊಲ. ಈಗ ಎರಡು ಬಾಡಿಗೆ ಮನೆ, ಬಿಟಿಎಂ ಬಡಾವಣೆಯಲ್ಲಿ ಹುಡುಗಿಯರ ಒಂದು ಪಿಜಿ. ಮೊದಲ ಬೀಗವನ್ನು ಅವರ ಮನೆಗೇ ಹಾಕಿದೆವು.

ವಾರವಾದ ಮೇಲೆ ನಾವಿಬ್ಬರೂ ಇಳಿದು ಹೋಗಿ ನೋಡಿದರೆ ಬಾಗಿಲಿಗೆ ಒರಳುಗುಂಡು ಅಡ್ಡ ಇಟ್ಟಿತ್ತು. ಬೀಗ ನನ್ನದೇ ದನಿಯಲ್ಲಿ "ಬಾಗಿಲು ತೆರೆದಿದೆ, ದಯವಿಟ್ಟು ಮುಚ್ಚಿ" ಎನ್ನುತ್ತಲೇ ಇತ್ತು.

"ಹಗಲು ಹೊತ್ತು ಬಾಗ್ಲು ಹಾಕ್ಕೊಂಡ್ರೆ ಅಕ್ಕಪಕ್ಕದೋರು ಏನಾಯ್ತು ಅಂತ ಬಂದ್ಬಿಡ್ತಾರಮ್ಮ," ಎಂದರು ಒಡತಿ. "ಹೂವಿನೋಳು ಬರ್ತಾಳೆ, ಕೆಲಸದೋಳು ಬರ್ತಾಳೆ, ನಮ್ಮ ನಾದಿನಿ ಬರ್ತಾಳೆ. ಎಲ್ಲರ ಬೆರಳೂ ಹಾಕಿಸ್ಲಾ? ನಿಮ್ಮ ಬೀಗ ನಮ್ಮತ್ತೆಗಿಂತ ಜಾಸ್ತಿ ಮಾತಾಡುತ್ತೆ."

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಧಿಕಾರಿ ನಗಲಿಲ್ಲ. ಅವಳ ದೇಶದಲ್ಲಿ ಬಾಗಿಲೆಂದರೆ ಮುಚ್ಚಿರುವಂಥದ್ದು, ತೆರೆದಿದ್ದರೆ ಏನೋ ಕೆಟ್ಟಿದೆ ಎಂದರ್ಥ. ಬೀಗವನ್ನು ಮಾಡಿದ್ದೇ ಆ ನಂಬಿಕೆಯ ಮೇಲೆ. ಬನಶಂಕರಿ, ಜಯನಗರಗಳ ಬೇರೆ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು ಕೇಳಿದೆವು.

ಒಂದು ದಿನ ಒಡತಿಯೇ ಮೇಲೆ ಬಂದರು. "ಇದನ್ನ ಬಿಚ್ಚಿ ನಮ್ಮ ಪಿಜಿಗೆ ಹಾಕ್ಕೊಡಿ, ಎಲ್ಲಾ ರೂಮಿಗೂ ಇಂಥದ್ದೇ ಬೇಕು. ಆದ್ರೆ ಒಂದು. ಹುಡುಗೀರು ಯಾವಾಗ ಬಂದ್ರು, ಯಾವಾಗ ಹೋದ್ರು ಅಂತ ಅವರ ಮನೆಯೋರಿಗೆ ಮೆಸೇಜ್ ಹೋಗ್ಬೇಕು. ನಂಬಿ ಕಳ್ಸಿರ್ತಾರೆ. ನಾಳೆ ಏನಾದ್ರೂ ಆದ್ರೆ ಕೇಳೋದು ನನ್ನನ್ನೇ ಅಲ್ವಾ?"

ಆ ಹೆಂಗಸಿನ ಮಾತಿನಲ್ಲಿ ಕಪಟವಿರಲಿಲ್ಲ. ತನ್ನ ಮನೆಯ ಬಾಗಿಲು ಊರಿಗೆಲ್ಲ ತೆರೆದಿರಬೇಕು, ಪಿಜಿಯ ಬಾಗಿಲು ಕಾವಲಿರಬೇಕು. ಎರಡೂ ಅವರಿಗೆ ಒಂದೇ ಜವಾಬ್ದಾರಿಯ ಮಾತಾಗಿತ್ತು. ಮುಖ್ಯ ಕಚೇರಿಗೆ ತಿಳಿಸಿದಾಗ ಅವರು ಹಿಗ್ಗಿದರು. ಬೆಂಗಳೂರಿನಲ್ಲಿ ಪಿಜಿಗಳಿಗೆ ಬರವೇ? ಅವರ ದೇಶದಲ್ಲಿ ಇಂಥ ಸೌಲಭ್ಯ ಕೊಟ್ಟರೆ ಕೋರ್ಟಿಗೆ ಹೋಗಬೇಕಾಗುತ್ತಿತ್ತು. ಇಲ್ಲಿಗೆ ಮಾತ್ರ, ಸ್ಥಳೀಯ ಪದ್ಧತಿಗೆ ಹೊಂದಿಕೊಳ್ಳಿ ಎಂದು ಬರೆದರು.

ಅಧಿಕಾರಿ ನನ್ನನ್ನು ಕೇಳಿದಳು: ಇದು ನಿಮ್ಮಲ್ಲಿನ ಪದ್ಧತಿಯೇ?

ಒಡತಿಯನ್ನು ಕೇಳಿದರೆ ಹೌದು, ಹುಡುಗಿಯರನ್ನು ನಾವಿನ್ನೂ ಕೇಳಿಲ್ಲ ಎಂದೆ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಪಿಜಿಗೆ ಹೋದೆವು. ತಿಂಡಿಯ ಹೊತ್ತು, ಚಿತ್ರಾನ್ನದ ಪಾತ್ರೆಯ ಸುತ್ತ ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು. ನಾವು ವಿಷಯ ಹೇಳಿದಾಗ ಹೆಚ್ಚಿನವರು ಅಲ್ಲೇ ಇದ್ದ ಒಡತಿಯ ಮುಖ ನೋಡಿ ತಿನ್ನುವುದನ್ನು ಮುಂದುವರಿಸಿದರು. ಗದಗದ ಕಡೆಯ ಒಬ್ಬಳು ಮಾತ್ರ ತಟ್ಟೆ ಕೆಳಗಿಟ್ಟಳು. ಕಾಲ್ ಸೆಂಟರಿನಲ್ಲಿ ಪಾಳಿಯ ಕೆಲಸ ಅವಳದು.

"ಶಿಫ್ಟ್ ಮುಗಿಸಿ ನಸುಕಿನ್ಯಾಗ ಬರ್ತೀನ್ರಿ. ಆ ಹೊತ್ನ್ಯಾಗ ಫೋನ್ ಸಪ್ಪಳ ಆತಂದ್ರ ನಮ್ಮವ್ವ ಗಾಬರಿ ಬಿದ್ದು ಏಳ್ತಾಳ. ನಾ ಆರಾಮ ಅದೀನಿ ಅಂತ ನಾನ ಹೇಳ್ತೀನಿ. ಬಾಗಲಾ ಯಾಕ ಹೇಳಬೇಕ್ರಿ?"

"ಅಮ್ಮಂಗೆ ತಿಳಿದ್ರೆ ತಪ್ಪೇನಮ್ಮ?" ಎಂದರು ಒಡತಿ.

"ತಪ್ಪಂತ ಅಲ್ರಿ ಆಂಟಿ. ಅಲ್ಲಿಂದ ಅವ್ವ ಏನ್ ಮಾಡಾಕ ಆಗ್ತದ? ತಡಾ ಆದ್ರ ಹುಡುಕಾಕ ಬರೂದು ಇಕಿ." ಪಕ್ಕದಲ್ಲಿ ನಿಂತಿದ್ದ ಆಚೆ ರೂಮಿನ ಗೆಳತಿಯ ಭುಜ ಮುಟ್ಟಿದಳು. "ಹೇಳೂದಾದ್ರ ಇಕಿಗೆ ಹೇಳ್ಲಿ."

ಅಧಿಕಾರಿ ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಸಂದೇಶ ಹೋಗಲಿ, ಆದರೆ ಹೋಗಬೇಕೋ ಬೇಡವೋ, ಯಾರಿಗೆ ಹೋಗಬೇಕು ಎಂಬುದನ್ನು ಆ ಕೋಣೆಯಲ್ಲಿರುವವಳೇ ಆರಿಸಬೇಕು, ಇಲ್ಲವಾದರೆ ಈ ಕೆಲಸ ತನ್ನಿಂದಾಗದು ಎಂದು ಮುಖ್ಯ ಕಚೇರಿಗೆ ಬರೆದಳು. ಅಲ್ಲಿಯವರು ಗೊಣಗಿದರು. ಆಮೇಲೆ ಒಪ್ಪಿದರು. ತಮ್ಮ ದೇಶದ ಪತ್ರಿಕೆಗಳಿಗೆ ಸುದ್ದಿ ಸಿಕ್ಕರೆ ಏನು ಗತಿ ಎಂಬ ಭಯವೂ ಇದ್ದಿರಬಹುದು.

ಒಡತಿಗೆ ಸಿಟ್ಟು ಬಂತು. "ಅವರವರಿಗೇ ಬಿಟ್ರೆ ಯಾರಮ್ಮ ಆನ್ ಮಾಡ್ಕೋತಾರೆ?" ಎಂದರು. ನನಗೂ ಹಾಗೇ ಅನಿಸಿತ್ತು. ಆದರೆ ಸುಮಾರು ಹುಡುಗಿಯರು ಹಾಕಿಕೊಂಡರು. ಕೆಲವರು ಅಮ್ಮನಿಗೆ, ಕೆಲವರು ಅಣ್ಣನಿಗೆ, ಹೆಚ್ಚಿನವರು ಗೆಳತಿಯರಿಗೆ. ಒಮ್ಮೆ ಗದಗದ ಹುಡುಗಿಯ ಕ್ಯಾಬ್ ಸಿಲ್ಕ್ ಬೋರ್ಡ್ ಸರ್ಕಲ್ ಬಳಿ ಕೆಟ್ಟು ನಿಂತಿತು. ಅವಳ ಫೋನೂ ಸತ್ತಿತ್ತು. ಬರಬೇಕಾದ ಸಂದೇಶ ಬರದೆ ಆಚೆ ರೂಮಿನ ಗೆಳತಿ, ಅಂದು ಪಿಜಿಯಲ್ಲೇ ಮಲಗಿದ್ದ ಒಡತಿಯನ್ನು ಎಬ್ಬಿಸಿದಳು. ಇಬ್ಬರೂ ಆಟೋದಲ್ಲಿ ಅವಳ ಕ್ಯಾಬ್ ಬರುವ ದಾರಿ ಹಿಡಿದು ಹೊರಟು, ರಸ್ತೆ ಬದಿ ಟೀ ಕುಡಿಯುತ್ತಿದ್ದ ಅವಳನ್ನು ಕರೆತಂದರು. ಅಂದಿನಿಂದ ಒಡತಿ ಆ ವಿಷಯ ಎತ್ತಲಿಲ್ಲ. ಬೀಗಗಳನ್ನು ಉಳಿಸಿಕೊಂಡರು.

ಇದರಿಂದ ನಮ್ಮ ವ್ಯಾಪಾರ ಏರಿತೆಂದು ಹೇಳಲಾರೆ. ಮನೆಗಳಿಗೆ ಹೆಚ್ಚು ಜನ ಕೊಳ್ಳಲಿಲ್ಲ. ಪಿಜಿಗಳ ಮಾಲೀಕರಲ್ಲಿ ಅನೇಕರು, ಕೇಳಿದ್ದನ್ನು ಕೇಳಿದ ಹಾಗೇ ಮಾಡಿಕೊಡುವ ಬೇರೆ ಕಂಪನಿಗಳ ಬೀಗ ಹಾಕಿಸಿಕೊಂಡರು. ಕೊನೆಗೆ ಕಂಪನಿ ಆಫೀಸು ಮುಚ್ಚಿ, ಇಲ್ಲಿಯ ಮಾರಾಟವನ್ನು ಬನಶಂಕರಿಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಗೆ ವಹಿಸಿತು. ಅಧಿಕಾರಿ ಹೊರಡುವ ದಿನ ಒಡತಿ ಅವಳಿಗೆ ಕುಂಕುಮ ಇಟ್ಟು, ರವಿಕೆ ಕಣ ಕೊಟ್ಟರು. ಅದನ್ನು ಏನು ಮಾಡಬೇಕೆಂದು ಅವಳು ಕಾರಿನಲ್ಲಿ ನನ್ನನ್ನು ಕೇಳಿದಳು. ಇಟ್ಟುಕೊಳ್ಳಬೇಕು ಅಷ್ಟೆ ಎಂದೆ.

ಕೆಲವು ತಿಂಗಳ ನಂತರ ಅವಳಿಂದ ಪತ್ರ ಬಂತು. ಸಂದೇಶ ಯಾರಿಗೆ ಹೋಗಬೇಕೆಂದು ಬಳಸುವವರೇ ಆರಿಸುವ ಆ ಬೀಗ ಅವರ ದೇಶದಲ್ಲಿ ಚೆನ್ನಾಗಿ ಹೋಗುತ್ತಿದೆಯಂತೆ, ಒಂಟಿಯಾಗಿರುವವರು ಕೊಳ್ಳುತ್ತಿದ್ದಾರಂತೆ. ಪತ್ರದ ಜೊತೆಗಿದ್ದ ಜಾಹೀರಾತಿನಲ್ಲಿ ಬಿಟಿಎಂ ಬಡಾವಣೆಯ ಹೆಸರಿರಲಿಲ್ಲ, ಇರಬೇಕೆಂದು ನನಗೂ ಅನಿಸಲಿಲ್ಲ. ಗದಗದ ಹುಡುಗಿಗೆ ಮಾತ್ರ ಫೋನ್ ಮಾಡಿ ತಿಳಿಸಿದೆ.

"ಹೌದೇನ್ರಿ?" ಎಂದಳು. "ಅಲ್ಲಿನೂ ಮಂದಿ ಒಬ್ಬೊಬ್ಬರ ಇರ್ತಾರೇನ್ರಿ?"

ಬೇಕಾದಷ್ಟು ಜನ ಇರುತ್ತಾರೆ ಎಂದೆ. ಕ್ಯಾಬ್ ಬಂತೆಂದು ಅವಳು ಫೋನ್ ಇಟ್ಟಳು.