ಹಗಲು ಕಥೆ ಹೇಳಿದ ಗುರುಬಾಯಿ

ಗುರುಬಾಯಿಗೆ ಒಂದು ಕೆಟ್ಟ ಚಟವಿತ್ತು. ಯಾರಾದರೂ ‘ಇದನ್ನು ಮಾಡಬಾರದು’ ಅಂದರೆ ಸಾಕು, ‘ಯಾಕ?’ ಎಂದು ಕೇಳುತ್ತಿದ್ದಳು. ಕೇಳಿ ಸುಮ್ಮನಾಗುವವಳೂ ಅಲ್ಲ, ಉತ್ತರ ಬರುವವರೆಗೆ ಎದುರಿಗೇ ನಿಲ್ಲುವವಳು. ಏನು ಹೇಳುವುದು ಇಂಥವಳಿಗೆ! ಬಬಲೇಶ್ವರದಲ್ಲಿ ಹುಟ್ಟಿದ ಹೆಣ್ಣು. ಹನ್ನೆರಡಕ್ಕೆ ಮದುವೆ, ಹದಿಮೂರು ತುಂಬುವುದರೊಳಗೆ ಗಂಡ ತೀರಿಹೋದ. ಓಣಿಯವರು ಹುಡುಗಿಗೆ ಮೂಲೆ ತೋರಿಸಿದರು. ಮಂದಿ ಮನೆಯ ಜೋಳ ಬೀಸಿ ಹೊಟ್ಟೆ ಹೊರೆಯುತ್ತಿದ್ದ ತಾಯಿ ಭೀಮಾಬಾಯಿ ಅದನ್ನು ಕಿವಿಗೇ ಹಾಕಿಕೊಳ್ಳದೆ ಮಗಳ ಕೈಗೆ ಪಾಟಿ ಕೊಟ್ಟು ಸಾಲಿಗೆ ಅಟ್ಟಿದಳು. ಮಗಳು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದಳು, ವಿಜಾಪುರದಲ್ಲಿ ಟ್ರೇನಿಂಗ್ ಮುಗಿಸಿದಳು. ಸಾವಿರದ ಒಂಬೈನೂರ ಅರವತ್ತೆರಡರ ಜೂನ್‌ನಲ್ಲಿ ಟಿಕೋಟಾದಿಂದ ಮೂರು ಮೈಲು ಒಳಗಿದ್ದ ಹೊಲಗಳ ನಡುವೆ ಹತ್ತಾರು ಮನೆಗಳಿದ್ದ ಒಂದು ತೋಟದ ವಸ್ತಿಗೆ ಅಕ್ಕೋರಾಗಿ ಬಂದಳು. ಕಲಿಸುವ ಹೆಣ್ಣುಮಗಳನ್ನು ಆ ಕಡೆ ಕರೆಯುವುದೇ ಹಾಗೆ.

ಸಾಲಿ ಅಂದರೆ ಏನು ಮಹಾ, ವಸ್ತಿಯ ಹಿರಿಯ ಶಿವಯೋಗೆಪ್ಪ ಬಿಟ್ಟುಕೊಟ್ಟ ಹಳೆಯ ದನದ ಕೊಟ್ಟಿಗೆ. ಮಣ್ಣಿನ ಗೋಡೆ, ಒಂದು ಕರಿಹಲಗೆ, ಒಂದು ಗಂಟೆ, ಇಪ್ಪತ್ತಾರು ಮಕ್ಕಳು. ಹಾಜರಿ ಇಪ್ಪತ್ತಕ್ಕಿಂತ ಕೆಳಗಿಳಿದರೆ ಸಾಲಿ ಮುಚ್ಚುತ್ತೇವೆ ಎಂದು ಮೇಲಿನವರು ಮೊದಲೇ ಎಚ್ಚರಿಸಿದ್ದರು. ಸಾಲಿ ಮುಚ್ಚಿದರೆ ಗುರುಬಾಯಿಯ ಹಂಗಾಮಿ ನೌಕರಿಯೂ ಹೋದಂತೆ, ಬಬಲೇಶ್ವರದಲ್ಲಿ ತಾಯಿ ಮತ್ತೆ ಬೀಸುವ ಕಲ್ಲಿನ ಮುಂದೆ ಕೂತಂತೆ.

ಮೊದಲ ದಿನ ಬೋರವ್ವ ಎಂಬ ಎಂಟು ವರ್ಷದ ಹುಡುಗಿ ಪುಸ್ತಕ ಹಿಡಿದು ಗಡಗಡ ಓದಿದಳು. ಗುರುಬಾಯಿಗೆ ಖುಷಿಯೋ ಖುಷಿ. ಯಾಕೋ ಅನುಮಾನ ಬಂದು ಹಾಳೆಯ ಮೇಲೆ ಅಂಗೈ ಮುಚ್ಚಿದಳು. ಬೋರವ್ವನ ಓದು ನಿಲ್ಲಲೇ ಇಲ್ಲ! ಹಿಂದಿನ ಮಾಸ್ತರರು ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಸಿ, ವರ್ಗ ಮಾಡಿಸಿಕೊಂಡು ಹೋಗಿದ್ದರು. ಇಪ್ಪತ್ತಾರರಲ್ಲಿ ಒಂದಕ್ಕೂ ಅಕ್ಷರದ ಗುರುತಿಲ್ಲ. ಗುರುಬಾಯಿಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕಗಳನ್ನೆಲ್ಲ ಒಟ್ಟುಗೂಡಿಸಿ ಮೂಲೆಗೆ ಇಟ್ಟಳು.

“ಬೋರವ್ವಾ, ಮನ್ಯಾಗ ನಿಮ್ಮ ಆಯಿ ಕಥಿ ಹೇಳತಾಳಿಲ್ಲೋ? ಅದರಾಗ ಒಂದ ಹೇಳು. ನೀ ಹೇಳಿದಂಗ ನಾ ಹಲಗಿ ಮ್ಯಾಲ ಬರಿತೇನಿ.”

ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಹಗಲ ಕಥಿ ಹೇಳಬಾರದ್ರಿ ಅಕ್ಕೋರ. ಹೇಳಿದರ ಸೋದರಮಾವ ದಾರಿ ತಪ್ಪತಾನ.”

ಉಳಿದ ಮಕ್ಕಳೂ ಹೌದೆಂದು ತಲೆಯಾಡಿಸಿದವು. ಆ ವಸ್ತಿಯಲ್ಲಿ ಅದು ಅಜ್ಜಿಯರ ಕಾಲದಿಂದ ಬಂದ ಕಟ್ಟಳೆ. ಕಥೆ ಏನಿದ್ದರೂ ದೀಪ ಹಚ್ಚಿದ ಮೇಲೆ. ಸಾಲಿಯೋ ನಡೆಯುವುದು ಹಗಲಲ್ಲಿ. ಹಾಗಾದರೆ ಮಕ್ಕಳ ಬಾಯಲ್ಲಿ ತುಂಬಿಕೊಂಡ ಮಾತು ಸಾಲಿಯ ಬಾಗಿಲ ಹೊರಗೇ ಉಳಿಯಬೇಕೇನು?

“ಯಾಕ?” ಎಂದಳು ಗುರುಬಾಯಿ. ಮಕ್ಕಳು ಒಬ್ಬರನ್ನೊಬ್ಬರು ಮುಂದೆ ನೂಕಿದವು. “ನನಗ ಮೂರ ಮಂದಿ ಸೋದರಮಾವಂದಿರು ಅದಾರ. ಮೊದಲ ನನ್ನ ಕಥಿ ಕೇಳ್ರಿ. ಅವರು ದಾರಿ ತಪ್ಪದ ಮನಿ ಮುಟ್ಟಿದರ ಮುಂದಿನ ವಾರ ನೀವು ಹೇಳ್ರಿ.”

ರವಿವಾರ ಊರಿಗೆ ಹೋಗಿ ನೋಡಿಬಂದಳು, ಅವಳ ಸೋದರಮಾವಂದಿರಿಗೆ ಏನೂ ಆಗಿರಲಿಲ್ಲ. ಮರುವಾರದಿಂದ ಮಕ್ಕಳ ಬಾಯಿ ಬಿಚ್ಚಿತು. ಗೌಡನ ಕಣಕ್ಕೆ ಹೋಗಿ ಒಂದೇ ಒಂದು ಜೋಳದ ಕಾಳು ಬೇಡಿದ ಇರುವೆಯ ಕಥೆಯನ್ನು ಬೋರವ್ವ ಹೇಳಿದಳು. ಒಂದೊಂದು ಮಾತಿಗೂ ಉಳಿದವರು ‘ಹೂಂ’ ಅನ್ನಬೇಕು. ಹೂಂಗುಟ್ಟುವವರು ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಅವಳ ಮಾತನ್ನು ಗುರುಬಾಯಿ ಹಲಗೆಯ ಮೇಲೆ ಬರೆದಳು. ತಾನು ಆಡಿದ ಮಾತೇ ಸುಣ್ಣದ ಗೆರೆಯಾಗಿ ಎದುರಿಗೆ ನಿಂತದ್ದು ಕಂಡು ಆ ಹುಡುಗಿ ಹಲಗೆಯ ಮುಂದಿನಿಂದ ಜಪ್ಪಯ್ಯ ಅಂದರೂ ಕದಲಲಿಲ್ಲ. ಒಂದು ತಿಂಗಳಲ್ಲಿ ಹನ್ನೊಂದು ಮಕ್ಕಳು ಬೆರಳಿಟ್ಟು ಓದತೊಡಗಿದರು. ಈ ಸಲ ಅಂಗೈ ಮುಚ್ಚಿದರೆ ಓದು ನಿಲ್ಲುತ್ತಿತ್ತು. ಗುರುಬಾಯಿಗೆ ಅದಕ್ಕಿಂತ ದೊಡ್ಡ ಸಂತೋಷ ಇರಲಿಲ್ಲ.

ಅಷ್ಟರಲ್ಲಿ ಪಂಚಮಿ ಬಂತು. ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವುದು ವಾಡಿಕೆ. ಬೋರವ್ವನ ತಾಯಿ ಸೀತವ್ವನ ತಮ್ಮ ಗೊಲ್ಲಾಳಪ್ಪ ಕನಮಡಿಯವನು. ವಿಜಾಪುರದ ಪೇಟೆಯಲ್ಲಿ ಅಕ್ಕನಿಗೊಂದು ಸೀರೆ ಕೊಂಡು ಸೋಮವಾರ ವಸ್ತಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದ. ಸೀತವ್ವ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಳು. ಸೋಮವಾರ ಮುಳುಗಿತು, ತಮ್ಮನ ಸುಳಿವಿಲ್ಲ. ಮಂಗಳವಾರ ಮಧ್ಯಾಹ್ನವಾದರೂ ಇಲ್ಲ. ಬೋರವ್ವ ಅಳುತ್ತ, ತಾನು ಹಗಲಿನಲ್ಲಿ ಕಥೆ ಹೇಳಿದ್ದನ್ನು ತಾಯಿಯ ಮುಂದೆ ಒಪ್ಪಿಕೊಂಡುಬಿಟ್ಟಳು.

ಮುಗಿಯಿತಲ್ಲ! ವಸ್ತಿಗೆ ವಸ್ತಿಯೇ ಕೊಟ್ಟಿಗೆಯ ಮುಂದೆ ನೆರೆಯಿತು. ಸೀತವ್ವ ಸೆರಗು ಬಾಯಿಗೊತ್ತಿಕೊಂಡು ಬಿಕ್ಕುತ್ತಿದ್ದಳು. ಗುರುಬಾಯಿ ಅವಳಿಗೆ ನೀರು ತಂದುಕೊಟ್ಟಳು.

ಶಿವಯೋಗೆಪ್ಪ ಕೆಟ್ಟವನೇನಲ್ಲ, ಹಟಮಾರಿ. “ಅಕ್ಕೋರ, ತಪ್ಪಾತು ಅಂತ ಒಂದ ಮಾತ ಅನ್ರಿ. ಇನ್ನ ಹಗಲ ಕಥಿ ಹೇಳೂದಿಲ್ಲ ಅಂತ ಹಣಮಪ್ಪನ ಗುಡ್ಯಾಗ ಆಣಿ ಮಾಡ್ರಿ. ನಾಳೆನ ಮಕ್ಕಳನ್ನ ಕಳಸ್ತೀವಿ.”

“ತಪ್ಪ ಮಾಡಿದ್ರ ಅಂತಿದ್ದೆ, ಯಜಮಾನ್ರ. ಮಾಡಿಲ್ಲ, ಅನ್ನೂದಿಲ್ಲ.”

“ಹಂಗಾರ ಒಂದ ಮಗೂನೂ ಬರೂದಿಲ್ಲ. ಸಾಲಿ ಮುಚ್ಚತೈತಿ, ನೋಡ್ರಿ!”

“ಮುಚ್ಚೂತನಾ ಕಥಿ ಹೇಳತೇನಿ.”

ಒಂದು ಸುಳ್ಳು ಆಣೆಯಿಂದ ನೌಕರಿ ಉಳಿಯುತ್ತಿತ್ತು. ಅಂದು ರಾತ್ರಿ ಅವಳು ದೀಪ ಆರಿಸದೆ ಕೂತಳು. ನಿಜವಾಗಿಯೂ ಆ ಮನುಷ್ಯನಿಗೆ ಏನಾದರೂ ಆಗಿದ್ದರೆ? ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ, ತುಂಬ ಹೆದರಿಕೆಯಾಯಿತು. ಆದರೆ ಕಥೆಗೂ ಅವನು ಬರದಿದ್ದುದಕ್ಕೂ ಸಂಬಂಧವಿದೆ ಎಂದು ಒಪ್ಪಲು ಅವಳ ಮನಸ್ಸು ಎಳ್ಳಷ್ಟೂ ತಯಾರಿರಲಿಲ್ಲ.

ಬುಧವಾರ ಹತ್ತು ಗಂಟೆಗೆ ಸರಿಯಾಗಿ ಗಂಟೆ ಬಾರಿಸಿದಳು. ಯಾರೂ ಬರಲಿಲ್ಲ. ಹಾಜರಿ ಪುಸ್ತಕ ತೆಗೆದು ಇಪ್ಪತ್ತಾರು ಹೆಸರನ್ನೂ ಕೂಗಿದಳು. ಆಮೇಲೆ ಬರಿ ಗೋಡೆಗೆ ಮುಖ ಮಾಡಿ, ವಸ್ತಿಯ ಆಚೆ ತುದಿಗೂ ಕೇಳುವಂಥ ದನಿಯಲ್ಲಿ ಕಥೆ ಶುರುಮಾಡಿದಳು. “ಒಂದಾನೊಂದ ಊರಾಗ ಒಬ್ಬಾಕಿ ಮುದುಕಿ ಇದ್ದಳು.” ನಿಂತಳು. ಹೂಂ ಅನ್ನುವವರಿಲ್ಲ. ಖಾಲಿ ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು ಕಾಯುವುದು ಎಷ್ಟು ಕಷ್ಟವೆಂದು ಅವತ್ತು ಅವಳಿಗೆ ತಿಳಿಯಿತು. ಮತ್ತೊಮ್ಮೆ ಹೇಳಿದಳು, ಇನ್ನಷ್ಟು ಗಟ್ಟಿಯಾಗಿ, ಜಗಳಕ್ಕೆ ಕರೆಯುವವಳ ಹಾಗೆ. “ಒಂದಾನೊಂದ ಊರಾಗ ಒಬ್ಬಾಕಿ ಮುದುಕಿ ಇದ್ದಳು!”

ಗೋಡೆಯ ಹಿಂದಿನಿಂದ ಸಣ್ಣ ದನಿ ಬಂತು: “ಹೂಂ.”

ಗುರುಬಾಯಿ ಹೊರಗೆ ಇಣುಕಲಿಲ್ಲ. ಇಣುಕಿದರೆ ಓಡಿಹೋಗುತ್ತಾರೆಂದು ಗೊತ್ತಿತ್ತು. ಕಥೆ ಮುಂದುವರಿಸಿದಳು. ಒಂದು ಹೂಂ ಎರಡಾಯಿತು, ಎರಡು ಆರಾಯಿತು. ಮನೆಯವರ ಕಣ್ಣು ತಪ್ಪಿಸಿ ಬಂದ ಮಕ್ಕಳು ಗೋಡೆಗೆ ಕಿವಿಯಾನಿಸಿ ಕೂತಿದ್ದರು. ಕಥೆ ಮುಗಿಯುವಷ್ಟರಲ್ಲಿ ಅವಳ ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ನಡುಗಲಿಲ್ಲ.

ಗುರುವಾರ ಬೆಳಿಗ್ಗೆ ಗೊಲ್ಲಾಳಪ್ಪ ಬಂದ. ಮೊಳಕಾಲುದ್ದ ಕೆಸರು, ಕಂಕುಳಲ್ಲಿ ಸೀರೆಯ ಗಂಟು. ಸೀತವ್ವ ಓಡಿಹೋಗಿ ತಮ್ಮನ ಮೈದಡವಿ ಅತ್ತಳು. ಮಂದಿ ಮತ್ತೆ ಕೊಟ್ಟಿಗೆಯ ಮುಂದೆ ಸೇರಿದರು.

“ಎಲ್ಲಿ ಹೋಗಿದ್ದಿಯೋ ಯಪ್ಪಾ?” ಎಂದು ಶಿವಯೋಗೆಪ್ಪ ಕೇಳಿದ.

“ದಾರಿ ತಪ್ಪಿತ್ತರಿ.”

“ಕೇಳಿದ್ರಿಲ್ಲೋ!” ಶಿವಯೋಗೆಪ್ಪ ಗುರುಬಾಯಿಯ ಕಡೆ ತಿರುಗಿದ. “ಇನ್ನ ಏನಂತೀರಿ, ಅಕ್ಕೋರ?”

ಗುರುಬಾಯಿಯ ಹಳೆಯ ಚಟ ಬಿಡಲಿಲ್ಲ. “ಹೆಂಗ ತಪ್ಪಿತು?” ಎಂದು ಗೊಲ್ಲಾಳಪ್ಪನನ್ನೇ ಕೇಳಿದಳು.

ಗೊಲ್ಲಾಳಪ್ಪ ಕಾಲಿನ ಕೆಸರು ಕೆರೆಯತೊಡಗಿದ. ಮೀಸೆ ಹೊತ್ತ ಗಂಡಸು ಇಷ್ಟು ಮಂದಿಯ ಎದುರು ಹೇಗೆ ಹೇಳಿಯಾನು? ಆಗ ಬೋರವ್ವ ಅವನ ಕೈ ಹಿಡಿದಳು. “ಹೇಳು ಮಾಮಾ. ನಾ ಹೂಂ ಅಂತೇನಿ.”

“ವಿಜಾಪುರ ಸ್ಟ್ಯಾಂಡಿನ್ಯಾಗ ಬೇವಿನ ಗಿಡದ ಬುಡಕ ಯಾವಾಗಲೂ ಟಿಕೋಟಾ ಗಾಡಿ ನಿಲ್ಲತೈತಿ. ಕಣ್ಣ ಮುಚ್ಚಿ ಹತ್ತತಿದ್ದೆ.”

“ಹೂಂ.”

“ಅವತ್ತ ಅಲ್ಲೆ ಬಬಲೇಶ್ವರದ ಗಾಡಿ ನಿಂತಿತ್ತು. ಪಂಚಮಿ ಮಂದಿ, ಕಾಲಿಡಾಕ ಜಾಗ ಇರಲಿಲ್ಲ. ಕಂಡಕ್ಟರ ನನ್ನ ತನಾ ಬರೂದರಾಗ ಅರ್ಧ ಹಾದಿ ಆಗಿತ್ತು.”

“ಹೂಂ.”

“ಅಲ್ಲೆ ಇಳಿಸಿದ. ಎರಿ ಹೊಲದಾಗ ಅಡ್ಡ ಹಾದಿ ಹಿಡದೆ. ಹಳ್ಳ ತುಂಬಿ ಬಂದಿತ್ತು. ಅದು ಇಳಿಯೂತನಾ ಮೂರ ರಾತ್ರಿ ಯಾರದೋ ವಸ್ತ್ಯಾಗ ಕುಂತೆ.”

ಈಗ ನೆರೆದವರೆಲ್ಲ ತಮಗೇ ಅರಿವಿಲ್ಲದೆ ಹೂಂಗುಟ್ಟುತ್ತಿದ್ದರು, ಹಾಡಹಗಲಿನಲ್ಲಿ.

“ಗಾಡಿ ಮ್ಯಾಲ ಊರ ಹೆಸರ ಬರದಿರಲಿಲ್ಲೇನು?” ಎಂದಳು ಗುರುಬಾಯಿ.

“ಬರದಿತ್ತರಿ ಅಕ್ಕೋರ. ದೊಡ್ಡ ದೊಡ್ಡ ಅಕ್ಷರದಾಗ ಬರದಿತ್ತು.” ಗೊಲ್ಲಾಳಪ್ಪ ಬೋರವ್ವನ ಕೈ ಬಿಟ್ಟ. “ನನಗ ಓದಾಕ ಬರೂದಿಲ್ಲ.”

ಯಾರೂ ಹೂಂ ಅನ್ನಲಿಲ್ಲ. ಅಲ್ಲಿದ್ದ ಗಂಡಸರಲ್ಲಿ ಆ ಬೋರ್ಡು ಓದಬಲ್ಲವರು ಇಬ್ಬರೂ ಇರಲಿಲ್ಲ. ಶಿವಯೋಗೆಪ್ಪ ಮಾತ್ರ ಸೋಲೊಪ್ಪಲಿಲ್ಲ. “ಅದೆಲ್ಲ ಖರೆ. ಆದ್ರೂ ನಾಳೆ ಇನ್ನೊಬ್ಬರ ಸೋದರಮಾವ ದಾರಿ ತಪ್ಪಿದ್ರ?”

“ಹಂಗಾರ ಸೋದರಮಾವಂದಿರನ್ನೂ ಸಾಲಿಗೆ ಕಳಸ್ರಿ!” ಎಂದು ಗುರುಬಾಯಿ ಗಂಟೆಯ ಹಗ್ಗಕ್ಕೆ ಕೈ ಹಾಕಿ ಬಾರಿಸತೊಡಗಿದಳು.

ಮೊದಲು ಮುಂದೆ ಬಂದವಳು ಸೀತವ್ವ. ಕಣ್ಣೊರೆಸಿಕೊಂಡು, ಕಟ್ಟಿದ ಗಂಟನ್ನು ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕಿದಳು. “ಊರಿಗೆ ಸಂಜಿಮುಂದ ಹೋದರಾತು. ಈಗ ಒಳಗ ನಡೀರಿ,” ಎಂದು ಒಂದು ಕೈಯಿಂದ ಮಗಳನ್ನೂ ಇನ್ನೊಂದು ಕೈಯಿಂದ ತಮ್ಮನನ್ನೂ ಸಾಲಿಯೊಳಕ್ಕೆ ನೂಕಿದಳು.